ಚಿರೋಟಿ ರವೆ ಕೇಳೋರು

ಅಟ್ಲಾಂಟಾ
15 ಜೂನ್ 1997, ಭಾನುವಾರ

ಇಲ್ಲ ಇಂದಕ್ಕ, ನಾನು ಒಪ್ಪಲ್ಲ. "ಕರೆದು ಊಟ ಹಾಕೋದು ಮೋಸ ಹೇಗಾಗುತ್ತೋ, ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ ನಿಂದು" ಅಂತ ಫೋನಲ್ಲಿ ಅಂದ್ಯಲ್ಲ, ಆಗ ನಾನು ಹೂಂ ಹೂಂ ಅಂತಿದ್ದೆ. ದೇವಸ್ಥಾನದ ಫೋನ್ ಇರೋದು ಆಫೀಸಲ್ಲಿ. ಮ್ಯಾನೇಜರ್ ಶೇಷಾದ್ರಿ ಅಂಕಲ್ ಎದುರಿಗೇ ಕೂತು ಪೇಪರ್ ಓದ್ತಿದ್ರು. ನಾನು ಮಾತಾಡಿ ಮುಗಿಸೋ ತನಕ ಒಂದು ಪುಟಾನೂ ತಿರುಗಿಸ್ಲಿಲ್ಲ. ಅದಕ್ಕೇ ಬರೀತಿದೀನಿ. ನಂದು ಹತ್ತನೇ ಕ್ಲಾಸ್ ಕನ್ನಡ, ತಪ್ಪಿದ್ರೆ ತಿದ್ಕೊಂಡು ಓದು.

ವಾರ ಪೂರ್ತಿ ನಾನು ಇಲ್ಲಿ ಪುಳಿಯೋಗರೆ, ಮೊಸರನ್ನ ಅಂತ ಪ್ರಸಾದ ಮಾಡ್ಕೊಂಡು ಇರೋದು ನಿನಗೆ ಗೊತ್ತು. ಶನಿವಾರ ಮಾತ್ರ ಪ್ರತಾಪಣ್ಣ ಬಂದು ಕಾರಲ್ಲಿ ಅಲ್ಫರೆಟಾಗೆ ಅವರ ಮನೆಗೆ ಕರ್ಕೊಂಡು ಹೋಗ್ತಾರೆ. ಕಂಪ್ಯೂಟರ್ ಕೆಲಸದೋರು. ದೇವಸ್ಥಾನಕ್ಕೆ ಚೆನ್ನಾಗಿ ಕೊಡ್ತಾರೆ, ಅದಕ್ಕೆ ಶೇಷಾದ್ರಿ ಅಂಕಲ್‌ಗೆ ಅವರು ಅಂದ್ರೆ ಬೆಲ್ಲ. ಹೆಂಡತಿ ಮೈಥಿಲಿ ಅತ್ತಿಗೆ. ಅಲ್ಲಿ ಇಪ್ಪತ್ತು ಜನಕ್ಕೆ ಅಡುಗೆ ಮಾಡ್ತೀನಿ. ಕೂಲಿ ಇಲ್ಲ. "ನಿನ್ನನ್ನ ಅಡುಗೆಯೋನು ಅಂತ ನೋಡಲ್ಲ ಗೋಪಿ, ನೀನು ನಮ್ಮ ಪಾರ್ಟ್ನರ್" ಅಂತಾರೆ. ಪಾತ್ರೆ ತೊಳೆಯೋವಾಗ ಮಾತ್ರ ಪಾರ್ಟ್ನರ್ ಒಬ್ಬನೇ ಇರ್ತಾನೆ.

ಜನಾನ ಕರೆಯೋದು ಹೇಗೆ ಅಂತ ಕೇಳು. ಮಧ್ಯಾಹ್ನ ಇಂಡಿಯನ್ ಅಂಗಡಿಗೆ ಹೋಗ್ತೀವಿ. ಅತ್ತಿಗೆ ರವೆ ಇಟ್ಟಿರೋ ಸಾಲಲ್ಲಿ ನಿಂತ್ಕೊಂಡು, ಆಚೆ ಸಾಲಿಗೂ ಕೇಳೋ ಹಾಗೆ, "ರೀ, ಇಲ್ಲೂ ಚಿರೋಟಿ ರವೆ ಇಲ್ವಲ್ಲ" ಅಂತಾರೆ. ಗುಜರಾತಿಯವರು ತಿರುಗಲ್ಲ, ತೆಲುಗಿನವರು ತಿರುಗಲ್ಲ. ಕನ್ನಡದೋರು ಮಾತ್ರ, ಅಪ್ಪನ ದನಿ ಕೇಳಿದ ಮಗು ಹಾಗೆ, ಗಾಡಿ ಬಿಟ್ಟು ಬರ್ತಾರೆ. "ಕನ್ನಡದವರಾ? ಯಾವೂರು?" ಅಷ್ಟೇ. ಮೈಸೂರು ಅಂದ್ರೆ ಇವರೂ ಮೈಸೂರು, ಹಾಸನ ಅಂದ್ರೆ ಇವರ ಚಿಕ್ಕಮ್ಮ ಹಾಸನದಲ್ಲಿ. "ಸಾಯಂಕಾಲ ಊಟಕ್ಕೆ ಬಂದ್ಬಿಡಿ, ಬಿಸಿಬೇಳೆಬಾತ್ ಮಾಡ್ತಿದೀವಿ" ಅಂತಾರೆ. ಮೊದಲನೇ ಸಲ ನಾನು ಪೆದ್ದನ ಹಾಗೆ ಕೆಳಗಿನ ಶೆಲ್ಫಿಂದ ಪ್ಯಾಕೆಟ್ ಎತ್ಕೊಂಡು ಹೋಗಿ, "ಇಲ್ಲೇ ಇದೆಯಲ್ಲ ಅತ್ತಿಗೆ" ಅಂದೆ. ಹಾವು ಹಿಡ್ಕೊಂಡು ಬಂದೋನನ್ನ ನೋಡೋ ಹಾಗೆ ನೋಡಿದ್ರು.

ಊಟ ಆದ್ಮೇಲೆ ಪರದೆ ಹಿಂದಿಂದ ಬೋರ್ಡ್ ಬರುತ್ತೆ. ಪ್ರತಾಪಣ್ಣ ಮೇಲೆ ಒಂದು ಸೊನ್ನೆ ಬರೆದು "ಇದು ನೀವು" ಅಂತಾರೆ. ಕೆಳಗೆ ಆರು ಸೊನ್ನೆ, ಅದರ ಕೆಳಗೆ ಇನ್ನಷ್ಟು ಸೊನ್ನೆ. ಒಂದು ಕಂಪನಿ ಸೋಪು, ವಿಟಮಿನ್ ಮಾತ್ರೆ ತಿಂಗಳು ತಿಂಗಳು ತಗೋಬೇಕು, ಬೇರೆಯೋರನ್ನೂ ಸೇರಿಸಬೇಕು. ದುಡ್ಡು ಬರೋದು ಸೋಪಿಂದ ಅಲ್ಲಕ್ಕ, ಜನಾನ ಸೇರಿಸೋದ್ರಿಂದ. ಮೇಲಿನ ಸೊನ್ನೆಗೆ ದೊಡ್ಡ ಮನೆ, ಕೆಳಗಿನ ಸೊನ್ನೆಗೆ ಗ್ಯಾರೇಜ್ ತುಂಬ ಸೋಪು.

ಈಗ ಹೇಳು, ಯಾವುದು ಕಲ್ಲು, ಯಾವುದು ಮೊಸರು?

ನಿನ್ನ ತಮ್ಮ,
ಗೋಪಿ

ರಾಕ್‌ವಿಲ್
29 ಜೂನ್ 1997

ಪ್ರೀತಿಯ ಗೋಪಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಹೆದರಿದೆ. ಮೈಸೂರಿನ ಅಡುಗೆ ಕಂಟ್ರಾಕ್ಟರ್ ಸರಿಯಿಲ್ಲವೆಂದು ಬಿಟ್ಟೆ. ಬೆಂಗಳೂರಿನ ಹೋಟೆಲಿನವನು ಕಳ್ಳನೆಂದು ಬಿಟ್ಟೆ. ಎರಡು ಸಲವೂ ನೀನು ಹೇಳಿದ್ದು ನಿಜವೇ ಇದ್ದೀತು. ಆದರೆ ಎರಡು ಸಲವೂ ಬೀದಿಗೆ ಬಂದವನು ನೀನು, ಅವರಲ್ಲ. ನಿನಗೆ ಒಂದು ಕಡೆ ಕಾಲೂರಿ ನಿಲ್ಲುವುದು ಬರುವುದಿಲ್ಲ. ನಿನ್ನ ಭಾವ ಆ ದೇವಸ್ಥಾನದವರ ಕೈಕಾಲು ಹಿಡಿದು ನಿನಗೆ ವೀಸಾ ಮಾಡಿಸಿದ್ದು ನೆನಪಿರಲಿ. ಪ್ರತಾಪ್ ಅವರು ದೇವಸ್ಥಾನಕ್ಕೆ ಬೇಕಾದವರೆಂದು ನೀನೇ ಬರೆದಿದ್ದೀಯ. ಅವರೊಂದಿಗೆ ಜಗಳ ಬೇಡ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಅವರಿಗೆ ಆಫೀಸಿನಲ್ಲಿ ವಿಪರೀತ ಕೆಲಸ. ಪುಟ್ಟಿ ನಿಧಿ ನಿನ್ನ ಫೋಟೋ ತೋರಿಸಿ "ಗೋಪಿ ಅಂಕಲ್ ಮೇಕ್ಸ್ ದೋಸೆ" ಎನ್ನುತ್ತಾಳೆ. ಅಂಕಲ್ ಅಲ್ಲ ಮಾಮ ಅನ್ನು ಎಂದರೆ ಕೇಳುವುದಿಲ್ಲ.

ಒಂದು ವಿಷಯ, ಸುಮ್ಮನೆ ಕುತೂಹಲಕ್ಕೆ. ಅಲ್ಲಿ ಊಟ ಮೊದಲೋ, ಮಾತು ಮೊದಲೋ? ನೆಲದ ಮೇಲೆ ಕೂರಿಸುತ್ತಾರೋ, ಕುರ್ಚಿಯ ಮೇಲೋ? ಏನೇನು ಅಡುಗೆ ಮಾಡಿಸುತ್ತಾರೆ? ಅಷ್ಟು ಓದಿದ ಜನ ಒಂದು ಬಿಸಿಬೇಳೆಬಾತಿಗೆ ಹೇಗೆ ಮರುಳಾಗುತ್ತಾರೆಂದು ನನಗೆ ಅರ್ಥವಾಗಲಿಲ್ಲ. ವಿವರವಾಗಿ ಬರೆ.

ಇಂದಕ್ಕ

ಅಟ್ಲಾಂಟಾ
20 ಜುಲೈ 1997

ಅಕ್ಕ,

ಬೈದು ಬರೀತೀಯ ಅಂತ ಗೊತ್ತಿತ್ತು. ಆದ್ರೂ ಕೊನೇಗೆ ಕೇಳಿದೀಯಲ್ಲ, ಖುಷಿ ಆಯ್ತು. ನನ್ನ ಮಾತನ್ನ ಯಾರಾದ್ರೂ ಪೂರ್ತಿ ಕೇಳಿ ಎಷ್ಟು ದಿನ ಆಯ್ತೋ.

ಊಟಾನೇ ಮೊದಲು. ನಾನೂ ಒಂದಿನ ಕೇಳ್ದೆ, ಮೊದಲು ಮಾತಾಡಿ ಮುಗಿಸಿದ್ರೆ ಬಾತ್ ಬಿಸಿಯಾಗಿ ಬಡಿಸಬಹುದಲ್ಲ ಅಂತ. ಪ್ರತಾಪಣ್ಣ ನಕ್ಕು, "ಹಸಿದೋನು ಪ್ರಶ್ನೆ ಕೇಳ್ತಾನೆ ಗೋಪಿ, ಉಂಡೋನು ತಲೆ ಆಡಿಸ್ತಾನೆ" ಅಂದ್ರು. ಕುರ್ಚಿ ಇರುತ್ತೆ, ಆದ್ರೆ ಊಟ ನೆಲದ ಮೇಲೆ, ಎಲೆ ಹಾಕಿ. ಫ್ರೀಜರ್‌ನಲ್ಲಿ ಬಾಳೆ ಎಲೆ ಸಿಗುತ್ತೆ ಇಲ್ಲಿ, ಬಿಸಿನೀರಲ್ಲಿ ಬಿಟ್ಟು ಒರೆಸ್ತೀನಿ. ಅತ್ತಿಗೆ ಖುದ್ದು ಬಡಿಸ್ತಾರೆ, ಬೇಡ ಅಂದ್ರೂ ಇನ್ನೊಂದು ಸೌಟು. ಮನೇಲಿ ಅಮ್ಮ ಹೇಳ್ತಿರ್ಲಿಲ್ವಾ, ಉಂಡ ಮನೆ ಜಂತೆ ಎಣಿಸಬಾರದು ಅಂತ. ಅದನ್ನ ಎಲ್ಲರ ಅಮ್ಮಂದಿರೂ ಹೇಳಿರ್ತಾರೆ. ಅದೇ ಇವರ ಬಂಡವಾಳ. ಕೈ ತೊಳ್ಕೊಂಡು ಬಂದು ಕೂತೋರು ಬೋರ್ಡ್ ನೋಡಿ ಮುಖ ಮುಖ ನೋಡ್ಕೋತಾರೆ, ಆದ್ರೆ ಯಾರೂ ಏಳಲ್ಲ. ಅಮೆರಿಕದವನಾದ್ರೆ ಥ್ಯಾಂಕ್ಯೂ ಅಂತ ಹೇಳಿ ಎದ್ದು ಹೋಗ್ತಾನೆ. ನಮ್ಮೋರಿಗೆ ಎಲೆ ಎತ್ತಿದ್ಮೇಲೆ ಇಲ್ಲ ಅನ್ನೋಕೆ ಬಾಯಿ ಬರಲ್ಲ.

ಹೋದ ವಾರ ಕಾರ್ತಿಕ್, ಶ್ರದ್ಧಾ ಅಂತ ಗಂಡ ಹೆಂಡತಿ ಬಂದಿದ್ರು. ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಿಂದ ದೇವಸ್ಥಾನಕ್ಕೆ ಅಂತ ಬಂದು, ಅಂಗಡೀಲಿ ಅತ್ತಿಗೆ ಕೈಗೆ ಸಿಕ್ಕಿದ್ರು. ಆಕೆಗೆ ತುಂಬಿದ ಬಸಿರು. ಅತ್ತಿಗೆ "ಏನು ತಿನ್ನಬೇಕು ಅನ್ಸುತ್ತೆ ಹೇಳಮ್ಮ" ಅಂತ ಕೇಳಿದ್ದಕ್ಕೆ ನಾಚಿಕೊಂಡು "ನುಚ್ಚಿನುಂಡೆ" ಅಂದ್ರು. ನಾನು ಸಬ್ಬಸಿಗೆ ಸೊಪ್ಪು ಹಾಕಿ ಮಾಡ್ದೆ, ಜೊತೆಗೆ ಮಜ್ಜಿಗೆಹುಳಿ. ಒಂದು ಉಂಡೆ ಮುರಿದು ಬಾಯಿಗೆ ಹಾಕ್ಕೊಂಡ್ರು, ಆಕೆ ಕಣ್ಣಲ್ಲಿ ನೀರು. "ಅಣ್ಣ, ನಮ್ಮಮ್ಮ ಹೀಗೇ ಮಾಡೋದು" ಅಂದ್ರು. ಅಕ್ಕ, ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಒಳಗೆ ಹೋಗಿ ಇನ್ನೊಂದು ಒಬ್ಬೆ ಬೇಯೋಕೆ ಇಟ್ಟೆ. ಅದನ್ನ ತಗೊಂಡು ಹೊರಗೆ ಬರೋ ಹೊತ್ತಿಗೆ ಕಾರ್ತಿಕ್ ಸೋಪಿನ ಕಂಪನಿ ಫಾರಂಗೆ ಸೈನ್ ಮಾಡ್ತಿದ್ರು.

ನೀವಿಬ್ರೂ ಹುಷಾರಾಗಿರಿ. ಇಂಥೋರು ಅಲ್ಲೂ ಇರ್ತಾರೆ.

ಗೋಪಿ

ರಾಕ್‌ವಿಲ್
24 ಆಗಸ್ಟ್ 1997

ಪ್ರೀತಿಯ ಗೋಪಿ,

ತಡವಾಯಿತು, ಬೇಸರಪಡಬೇಡ. ಇಲ್ಲಿ ಸ್ವಲ್ಪ ಗಡಿಬಿಡಿ. ನಿನ್ನ ಭಾವನ ಪ್ರಾಜೆಕ್ಟ್ ಮುಗಿಯುತ್ತಾ ಬಂತು, ಇನ್ನೊಂದು ಸಿಗಬೇಕು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ ಎಂಬುದು ನಿನಗೂ ಗೊತ್ತು. ಸಿಕ್ಕೇ ಸಿಗುತ್ತದೆ.

ಕಾರ್ತಿಕ್ ಮತ್ತು ಶ್ರದ್ಧಾ ಅವರ ಬಗ್ಗೆ ಓದಿದೆ. ಗೋಪಿ, ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಎಲ್ಲದರಲ್ಲೂ ತಪ್ಪನ್ನೇ ನೋಡುತ್ತೀಯ. ಇನ್ನು ಐದು ವರ್ಷಕ್ಕೆ ನಿನ್ನನ್ನು ನೀನು ಎಲ್ಲಿ ನೋಡಲು ಬಯಸುತ್ತೀಯ? ಜೀವನಪೂರ್ತಿ ಬೇರೆಯವರಿಗಾಗಿ ದುಡಿಯುತ್ತೀಯಾ, ನಿನಗಾಗಿ ದುಡಿಯುತ್ತೀಯಾ? ಕನಸು ದೊಡ್ಡದಾಗಿದ್ದರೆ ಅಡ್ಡಿಗಳು ಚಿಕ್ಕವಾಗಿ ಕಾಣುತ್ತವೆ. ಇದನ್ನು ಶಾಂತವಾಗಿ ಯೋಚಿಸು.

ಜೊತೆಗೆ ಒಂದು ಕ್ಯಾಸೆಟ್ ಇಟ್ಟಿದ್ದೇನೆ. ಬಿಡುವಾದಾಗ ಕೇಳು.

ಇಂದಕ್ಕ

ಅಟ್ಲಾಂಟಾ
7 ಸೆಪ್ಟೆಂಬರ್ 1997

ಅಕ್ಕ,

ಕ್ಯಾಸೆಟ್ ಕೇಳಲಿಲ್ಲ. ಕೇಳೋದೇ ಬೇಕಿರ್ಲಿಲ್ಲ. ನಿನ್ನ ಕಾಗದಾನೇ ಕ್ಯಾಸೆಟ್ಟು.

"ಐದು ವರ್ಷಕ್ಕೆ ಎಲ್ಲಿ ನೋಡಲು ಬಯಸುತ್ತೀಯ" ಇದು ನಿನ್ನ ಮಾತಲ್ಲ. ನೀನು ನನ್ನ ಬೈಯೋದಾದ್ರೆ "ಮುಂಡೇದೆ, ಮುಂದೇನು ಗತಿ" ಅಂತ ಬೈತೀಯ. ಪ್ರತಾಪಣ್ಣ ಈ ಮಾತು ಪ್ರತಿ ಶನಿವಾರ ಪಾಯಸದ ಲೋಟ ಎತ್ತೋ ಹೊತ್ತಿಗೆ ಹೇಳ್ತಾರೆ. ಕನಸು ದೊಡ್ಡದು, ಅಡ್ಡಿ ಚಿಕ್ಕದು, ಅದೂ ಅವರದೇ. ನಿನಗೆ ಯಾರು ಕಲಿಸಿದ್ರು? ಸೇರಿದೀರಾ ನೀವು? ನನ್ನ ಕಣ್ಣಿಗೆ ಮಣ್ಣು ಹಾಕ್ಬೇಡ, ಹೌದೋ ಅಲ್ವೋ ಅಷ್ಟು ಬರಿ.

ನೀನು ಹೌದು ಅನ್ನೋ ಮುಂಚೆ ಇದನ್ನ ಕೇಳು. ಮೊನ್ನೆ ಕಾರ್ತಿಕ್ ಒಬ್ಬರೇ ದೇವಸ್ಥಾನಕ್ಕೆ ಬಂದಿದ್ರು. ಮಗು ಹುಟ್ಟಿದೆ, ಗಂಡು. ಪ್ರಸಾದ ಕೊಟ್ಟೆ, ಅಡುಗೆಮನೆ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ಅವರ ಫೋನು ಅಂದ್ರೆ ಆಫೀಸಿನ ಸ್ನೇಹಿತರು ಯಾರೂ ಎತ್ತಲ್ವಂತೆ. ಬಾಣಂತಿ ನೋಡೋಕೆ ಅಂತಾನೂ ಒಂದು ಜನ ಬರ್ಲಿಲ್ವಂತೆ, ಬಂದ್ರೆ ಎಲ್ಲಿ ಸೋಪು ಹಚ್ಚಿಬಿಡ್ತಾರೋ ಅಂತ. ನಾನು ಕೇಳ್ದೆ, "ಸರ್, ಅವತ್ತೇ ಎದ್ದು ಹೋಗಬಹುದಿತ್ತಲ್ಲ?"

"ಹೇಗಪ್ಪ ಹೋಗೋದು" ಅಂದ್ರು. "ಅವರ ಉಪ್ಪು ತಿಂದು ಆಗಿತ್ತಲ್ಲ."

ಉಪ್ಪು ಅವರದಿರಬಹುದು ಅಕ್ಕ, ಹಾಕಿದ ಕೈ ನಂದು.

ಹೊರಡೋವಾಗ ತಲೆ ಬಗ್ಗಿಸಿಕೊಂಡು ಇನ್ನೊಂದು ಮಾತು ಹೇಳಿದ್ರು. ಶ್ರದ್ಧಾ ಈಗ ಅವರ ಊರಿನ ಹತ್ರ ಚಾರ್ಲಟ್‌ನ ಇಂಡಿಯನ್ ಅಂಗಡೀಲಿ ಮಗೂನ ಎತ್ಕೊಂಡು ನಿಂತ್ಕೊಂಡು ಚಿರೋಟಿ ರವೆ ಕೇಳ್ತಾರಂತೆ. ಮಗು ಇದ್ರೆ ಜನ ಬೇಗ ತಿರುಗ್ತಾರೆ ಅಂತ ಮೈಥಿಲಿ ಅತ್ತಿಗೇನೇ ಹೇಳಿಕೊಟ್ರಂತೆ.

ನಾನು ಇನ್ನು ಅಲ್ಫರೆಟಾಗೆ ಬರಲ್ಲ ಅಂತ ಪ್ರತಾಪಣ್ಣಂಗೆ ಹೇಳ್ಬಿಟ್ಟೆ. ಅದಕ್ಕೆ ಅವರ ಬದಲು ಶೇಷಾದ್ರಿ ಅಂಕಲ್ ಅಂದ್ರು. "ನಿನ್ನ ಕಾಂಟ್ರಾಕ್ಟು ದೀಪಾವಳಿ ತನಕ ಕಣಯ್ಯ, ಆಮೇಲೆ ಕಮಿಟಿ ನೋಡುತ್ತೆ."

ಗೋಪಿ

ರಾಕ್‌ವಿಲ್
5 ಅಕ್ಟೋಬರ್ 1997

ಮುಂಡೇದೆ,

ಈಗ ಸಮಾಧಾನವೇ? ನಿನ್ನ ಕಾಗದ ಓದಿ ಅತ್ತೆ. ಹೌದು, ಮೈಥಿಲಿಯವರು ಒಂದು ಸಲ ಫೋನ್ ಮಾಡಿದ್ದರು. ದೇವಸ್ಥಾನದ ಆಫೀಸಿನಲ್ಲಿ ನಮ್ಮ ನಂಬರ್ ಸಿಕ್ಕಿತಂತೆ. ನಾವು ಕೇಳಿದೆವು, ಅಷ್ಟೇ. ಆ ಕ್ಯಾಸೆಟ್ಟು ಅವರೇ ಕಳಿಸಿದ್ದು. ನಿನ್ನ ಕಾಗದ ಬಂದ ಮೇಲೆ ಅದನ್ನೆಲ್ಲ ಬಿಟ್ಟೆವು. ಆಣೆ ಹಾಕಬೇಕೇ?

ದೀಪಾವಳಿಗೆ ಬಾ. ಶೇಷಾದ್ರಿಯವರು ಕಮಿಟಿ ಗಿಮಿಟಿ ಎಂದರೆ ಹೆದರಬೇಡ, ಇಲ್ಲೇ ಬಂದು ನಮ್ಮ ಜೊತೆ ಇರು. ನೀನೂ ನಾನೂ ಒಟ್ಟಿಗೆ ಹಬ್ಬ ಮಾಡಿ ಎಷ್ಟು ವರ್ಷವಾಯಿತು. ಎಣ್ಣೆ ಕಾಯಿಸಿಟ್ಟಿರುತ್ತೇನೆ, ನನ್ನ ಕೈಯಲ್ಲೇ ನಿನ್ನ ತಲೆಗೆ ಹಚ್ಚುತ್ತೇನೆ. ಬರುವಾಗ ನಿನ್ನ ಬಿಸಿಬೇಳೆಬಾತ್ ಪುಡಿ ಮಾಡಿಕೊಂಡು ಬಾ. ಹಬ್ಬ ಮುಗಿದ ಶನಿವಾರ ನಾಲ್ಕು ಜನ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೇನೆ. ಸ್ವಲ್ಪ ಜಾಸ್ತಿಯೇ ಮಾಡಿಕೊಂಡು ಬಾ.

ಇಂದಕ್ಕ

ಅಟ್ಲಾಂಟಾ
12 ಅಕ್ಟೋಬರ್ 1997

ಅಕ್ಕ,

ತಪ್ಪಾಯ್ತು. ಏನೇನೋ ಬರೆದೆ. ನಿನ್ನ "ಮುಂಡೇದೆ" ಓದಿದ್ಮೇಲೆ ಉಸಿರು ಬಂತು.

ಬಸ್ಸಿಗೆ ಟಿಕೆಟ್ ತಗೊಂಡೆ. ಹಬ್ಬದ ವಾರ ಬುಧವಾರ ಬರ್ತೀನಿ. ಇಲ್ಲಿ ಕೆಲಸ ಬಿಟ್ಟೇ ಬರ್ತಿದೀನಿ, ವಾಪಸ್ ಬರೋ ಟಿಕೆಟ್ ಇಲ್ಲ. ಶೇಷಾದ್ರಿ ಅಂಕಲ್‌ಗೆ ಕೆಲಸ ಬಿಡ್ತೀನಿ ಅಂತ ಹೇಳೋವಾಗ ನಾನು ಜಗಳ ಆಡ್ಲಿಲ್ಲ, ನೀನು ನಂಬಲ್ಲ, ಆದ್ರೂ ನಿಜ. ಪುಡಿ ಹುರೀತಿದೀನಿ, ದೇವಸ್ಥಾನ ಎಲ್ಲ ಘಮ ಅಂತಿದೆ. ನಾಲ್ಕು ಜನಕ್ಕೆ ಅಂದೆ, ನಾನು ಹತ್ತು ಜನಕ್ಕೆ ಆಗೋಷ್ಟು ತರ್ತೀನಿ. ನಿಧಿಗೆ ಕೊಬ್ಬರಿ ಮಿಠಾಯಿ.

ಅಲ್ಲಾದ್ರೂ ಕಾಲೂರಿ ನಿಲ್ತೀನಿ, ನೋಡು.

ಗೋಪಿ

ರಾಕ್‌ವಿಲ್, ನಿನ್ನ ಅಡುಗೆಮನೆ
1 ನವೆಂಬರ್ 1997, ಶನಿವಾರ

ಅಕ್ಕ,

ಈ ಕಾಗದಕ್ಕೆ ಸ್ಟ್ಯಾಂಪ್ ಬೇಡ. ಒಲೆ ಪಕ್ಕದಲ್ಲೇ ಇಡ್ತೀನಿ. ನೀನೂ ಭಾವಾನೂ ನಿಧಿ ಜೊತೆ ಬಾಡಿಗೆ ಕುರ್ಚಿ ತರೋಕೆ ಹೋಗಿದೀರ. ಇನ್ನೂ ಬಂದಿಲ್ಲ.

ನೀನು ನನ್ನ ತಲೆಗೆ ಎಣ್ಣೆ ಹಚ್ಚಿದೆ, ಅದು ಸುಳ್ಳಲ್ಲ. ನೆತ್ತಿ ತಟ್ಟುತ್ತಾ "ಎಷ್ಟು ಸೊರಗಿದೀಯೋ" ಅಂದೆ, ಅದೂ ಸುಳ್ಳಲ್ಲ. ಭಾವಂಗೆ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು, ಬೆಳಗ್ಗೆ ಟೈ ಕಟ್ಕೊಂಡು ಹೋಗಿ ಲೈಬ್ರರೀಲಿ ಕೂತು ಬರ್ತಾರೆ ಅಂತ ಅಳ್ತಾ ಹೇಳಿದೆಯಲ್ಲ, ಆಗ ನನಗೆ ನಿನ್ನ ಮೇಲೆ ಒಂದು ಚೂರೂ ಕೋಪ ಇರ್ಲಿಲ್ಲ. ನಾನು ದುಡಿದು ಹಾಕ್ತೀನಿ ಅಂದೆ. ಹೋಟೆಲಲ್ಲಿ ಪಾತ್ರೆ ತೊಳೆದಾದ್ರೂ ಹಾಕ್ತೀನಿ ಅಂದೆ. ನೀನು "ಅಯ್ಯೋ ಬಿಡೋ" ಅಂದೆ. ಯಾಕೆ ಹಾಗಂದೆ ಅಂತ ಇವತ್ತು ಗೊತ್ತಾಯ್ತು.

ಬೆಳಗ್ಗೆ ಅಂಗಡಿಗೆ ನನ್ನನ್ನೂ ಕರ್ಕೊಂಡು ಹೋದ್ಯಲ್ಲ. ನಾನು ತರಕಾರಿ ಆರಿಸ್ತಾ ಇದ್ದೆ. ಆಚೆ ಸಾಲಿಂದ ನಿನ್ನ ದನಿ ಬಂತು. "ರೀ, ಇಲ್ಲೂ ಚಿರೋಟಿ ರವೆ ಇಲ್ವಲ್ಲ."

ಕೈಲಿದ್ದ ಬದನೆಕಾಯಿ ಹಾಗೇ ಹಿಡ್ಕೊಂಡು ನಿಂತೆ. ಮೈಥಿಲಿ ಅತ್ತಿಗೆಗಿಂತ ನೀನು ಚೆನ್ನಾಗಿ ಹೇಳ್ತೀಯ. ಅವರ ದನೀಲಿ ನಾಟಕ ಇತ್ತು. ನಿನ್ನ ದನೀಲಿ ನಿಜವಾಗ್ಲೂ ಏನೋ ಕಳಕೊಂಡೋರ ದುಃಖ ಇತ್ತು. ಒಬ್ಬ ಹುಡುಗಿ, ಹೊಸದಾಗಿ ಬಂದಿರಬೇಕು, ಕೊರಳಲ್ಲಿ ಇನ್ನೂ ಅರಿಶಿನದ ದಾರ, ಗಾಡಿ ಬಿಟ್ಟು ಓಡಿ ಬಂದ್ಲು. "ನೀವು ಕನ್ನಡದವರಾ ಆಂಟಿ?" ನೀನು ಅವಳ ಕೈ ಹಿಡ್ಕೊಂಡೆ.

ಮನೆಗೆ ಬಂದು ನಾನು ರವೆ ಡಬ್ಬಿ ತೆಗೆದೆ. ಬಾಯಿ ತನಕ ಚಿರೋಟಿ ರವೆ. ಪರದೆ ಹಿಂದೆ ಬೋರ್ಡ್. ಫ್ರೀಜರ್‌ನಲ್ಲಿ ಬಾಳೆ ಎಲೆ ಕಟ್ಟು.

ನಾಲ್ಕು ಜನ ಅಂದಿದ್ದು ಎಷ್ಟು ಜನ ಅಂತ ನಾನು ಕೇಳ್ದೆ. "ಮೂವತ್ತು ಆಗಬಹುದೋ. ನಿನ್ನ ಕೈರುಚಿ ಇದ್ರೆ ಯಾರೂ ಇಲ್ಲ ಅನ್ನಲ್ಲ" ಅಂದೆ ನೀನು. ಆಮೇಲೆ ನನ್ನ ಬೆನ್ನು ತಟ್ಟಿ, "ನಿನಗೆ ಕೂಲಿ ಕೊಟ್ಟು ಸಣ್ಣೋನನ್ನ ಮಾಡಲ್ಲಪ್ಪ, ನೀನು ನಮ್ಮ ಪಾರ್ಟ್ನರ್" ಅಂದೆ. ಭಾವ ಟೈ ಸರಿಮಾಡ್ಕೊಂಡು ಗೋಡೆ ನೋಡ್ತಿದ್ರು.

ಪ್ರತಾಪಣ್ಣಂಗೆ ನಾನು ಇಷ್ಟು ಹೇಳಿಕೊಟ್ಟಿರ್ಲಿಲ್ಲ ಅಕ್ಕ. ನಿನಗೆ ಹೇಳಿಕೊಟ್ಟೆ. ಊಟ ಮೊದಲಾ ಮಾತು ಮೊದಲಾ ಅಂತ ನೀನು ಕೇಳಿದೆ, ನಾನು ಊಟ ಅಂದೆ. ನೀನು ನೆಲಾನಾ ಕುರ್ಚೀನಾ ಅಂದೆ, ನಾನು ಎಲೆ ಹಾಕಿ ನೆಲದ ಮೇಲೆ ಅಂದೆ. ಬೀಳಬೇಡಿ ಅಂತ ನಾನು ಹಳ್ಳ ತೋರಿಸ್ತಾ ಬಂದೆ, ನೀನು ಅಗೆಯೋದು ಹೇಗೆ ಅಂತ ನೋಡ್ಕೊಂಡೆ.

ಅಡುಗೆ ಆಗಿದೆ. ಮಾಡದೆ ಹೋಗೋನಲ್ಲ ನಾನು, ಅಷ್ಟು ನಿಯತ್ತು ಉಳ್ಕೊಂಡಿದೆ. ದೊಡ್ಡ ಪಾತ್ರೇಲಿ ಬಿಸಿಬೇಳೆಬಾತ್, ಮೂವತ್ತು ಜನಕ್ಕೆ ಸಾಲುತ್ತೆ. ಕೋಸಂಬರಿ, ಹುರುಳಿಕಾಯಿ ಪಲ್ಯ, ಮಜ್ಜಿಗೆಹುಳಿ. ಆ ಅರಿಶಿನದ ದಾರದ ಹುಡುಗಿ ನುಚ್ಚಿನುಂಡೆ ಕೇಳಿದ್ಲು ಅಂದ್ಯಲ್ಲ, ಅದೂ ಮಾಡಿದೀನಿ, ಸಬ್ಬಸಿಗೆ ಸೊಪ್ಪು ಹಾಕಿ.

ಯಾವುದಕ್ಕೂ ಉಪ್ಪು ಹಾಕಿಲ್ಲ.

ಮರೆತು ಅಲ್ಲ. ಉಪ್ಪಿನ ಡಬ್ಬಿ ಮುಚ್ಚಳ ತೆಗೆದು ಪಾತ್ರೆ ಪಕ್ಕದಲ್ಲೇ ಇಟ್ಟಿದೀನಿ, ಚಮಚ ಅದರಲ್ಲೇ ಇದೆ. ಹಾಗೇ ಬಡಿಸಿದ್ರೆ ಒಂದು ತುತ್ತು ತಿಂದು, ಸಂಕೋಚ ಇಲ್ದೆ ಎದ್ದು ಮನೆಗೆ ಹೋಗ್ತಾರೆ, ಯಾರ ಉಪ್ಪೂ ತಿಂದ ಹಾಗಾಗಲ್ಲ. ಅದು ಬೇಡ ಅಂದ್ರೆ, ಹಾಕು. ಆದ್ರೆ ಇವತ್ತು ನಿನ್ನ ಕೈಯಾರೆ ಹಾಕಬೇಕು ಅಕ್ಕ, ಆ ಹುಡುಗಿ ಎಲೆಗೆ ಬೀಳೋ ಉಪ್ಪು ನೀನೇ ಹಾಕಬೇಕು. ನನ್ನ ಕೈ ಆಗಲ್ಲ.

ಎಲ್ಲಿಗೆ ಹೋಗ್ತೀನಿ ಅಂತ ಬರೆಯಲ್ಲ. ಬರೆದ್ರೆ ಅಲ್ಲಿಗೂ ಒಂದು ಬೋರ್ಡ್ ಬರುತ್ತೆ. ನಿಧಿ ಮಿಠಾಯಿ ಮೇಲಿನ ಶೆಲ್ಫಲ್ಲಿ ಇದೆ, ಒಂದೇ ದಿನ ಎಲ್ಲಾ ಕೊಡಬೇಡ. ಭಾವಂಗೆ ನನ್ನ ನಮಸ್ಕಾರ, ಅವರ ಮೇಲೆ ನನಗೇನೂ ಇಲ್ಲ.

ಕೆಳಗೆ ಕಾರು ನಿಂತ ಹಾಗಾಯ್ತು. ಇಲ್ಲ, ಪಕ್ಕದ ಮನೆಯೋರು.

ಒಲೆ ಆರಿಸಿದೀನಿ. ಚೀಲ ಹೆಗಲಿಗೆ ಹಾಕ್ಕೊಂಡು ನಿಂತ್ಕೊಂಡೇ ಬರೀತಿದೀನಿ. ಈ ಬಾಗಿಲು ಒಂದು ಸಲ ಎಳೆದ್ರೆ ತಾನೇ ಲಾಕ್ ಆಗುತ್ತೆ, ಹೊರಗಿಂದ ಕೀ ಇಲ್ದೆ ತೆಗೆಯೋಕಾಗಲ್ಲ, ಹುಷಾರು ಅಂತ ನಾನು ಬಂದ ದಿನಾನೇ ನೀನು ಹೇಳಿದ್ದೆ. ನನ್ನ ಹತ್ರ ಕೀ ಇಲ್ಲ. ಹೊರಗೆ ಹೋಗಿ ಎಳ್ಕೋತೀನಿ.